ನೀರಿನ ಗುಳಿಗೆ ಮತ್ತು ಉಪ್ಪಿನ ಲೆಕ್ಕ

(ಒಳರೋಗಿಗಳು ಹಾಗೂ ಅವರ ಜೊತೆಗಿರುವ ಬಂಧುಗಳಿಗಾಗಿ ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)



ಹಾಸಿಗೆಯ ಮೇಲಿರುವ ಹಿರಿಯರೇ, ಅವರ ಆರೈಕೆಗೆಂದು ಹೊಲ-ಮನೆ ಬಿಟ್ಟು ಬಂದಿರುವ ಬಂಧುಗಳೇ, ಇವತ್ತಿನ ವಿಷಯ ಮೂತ್ರವರ್ಧಕ ಔಷಧಿಗಳು. ಈ ದೊಡ್ಡ ಹೆಸರು ನಮಗೆ ಬೇಕಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಜನ ಇದಕ್ಕೆ ಇಟ್ಟ ಹೆಸರೇ ಚೆನ್ನಾಗಿದೆ: ನೀರಿನ ಗುಳಿಗೆ. ಕೆಲವರು ‘ಒಂದಕ್ಕೆ ಹೋಗೋ ಗುಳಿಗಿ’ ಎಂದೂ ಅನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಈ ಗುಳಿಗೆ ಒಳಗೆ ಹೋಗಿ ಏನು ಮಾಡುತ್ತದೆ, ಅದನ್ನು ಯಾಕೆ ಬಿಡಬಾರದು, ಯಾವ ಹೊತ್ತಿನಲ್ಲಿ ಅದನ್ನು ನಿಲ್ಲಿಸಲೂ ಬೇಕಾಗುತ್ತದೆ ಎಂಬುದನ್ನು ತಿಳಿದುಕೊಳ್ಳೋಣ.

ಈ ವಿಷಯ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕಾಲು ಊದಿಕೊಂಡು, ಮಲಗಿದರೆ ಉಸಿರು ಕಟ್ಟುತ್ತದೆಂದು ರಾತ್ರಿಯೆಲ್ಲ ಕೂತೇ ಕಳೆದು ನಮ್ಮ ವಾರ್ಡಿಗೆ ಬರುವವರಲ್ಲಿ ಹಲವರು ಹೊಸ ರೋಗಿಗಳಲ್ಲ. ಹಿಂದೆ ಒಮ್ಮೆ ದಾಖಲಾಗಿ, ಊತ ಇಳಿದು, ನಗುತ್ತ ಮನೆಗೆ ಹೋದವರೇ. ಮತ್ತೆ ಯಾಕೆ ಬಂದರು ಎಂದು ವಿಚಾರಿಸಿದರೆ ನೀರಿನ ಗುಳಿಗೆ ಬಿಟ್ಟಿರುತ್ತಾರೆ. ಭರತ ಹುಣ್ಣಿಮೆ ಕಳೆದು ಮೈಲಾರದ ಕಾರಣಿಕ ಆದ ಮೇಲೆ, ಕೊಟ್ಟೂರಿನ ತೇರು ಮುಗಿದ ಮೇಲೆ ಇಂಥವರನ್ನು ನಾವು ಕಾಯುತ್ತಲೇ ಇರುತ್ತೇವೆ. ಒಬ್ಬ ಅಜ್ಜಿ ನನಗೆ ಹೇಳಿದ ಮಾತು ಇದು: “ಅಲ್ಲ ಯವ್ವಾ, ಬಸ್ಸಿನಾಗ ಕುಂತು ಒಂದಕ್ಕ ಎಲ್ಲಿ ಹೋಗ್ಲಿ? ಗಂಡಸರಾದ್ರ ಎಲ್ಲ್ಯಾರ ನಿಲ್ತಾರ. ಅದಕ್ಕ ಆರು ದಿನ ಗುಳಿಗಿ ಮುಟ್ಲಿಲ್ಲ.” ಆರು ದಿನದಲ್ಲಿ ಅವರ ತೂಕ ಐದು ಕೆಜಿ ಏರಿತ್ತು. ಆರು ದಿನದಲ್ಲಿ ಯಾರ ಮೈಗೂ ಐದು ಕೆಜಿ ಮಾಂಸ ಬರುವುದಿಲ್ಲ. ಅದು ನೀರು. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಸಣ್ಣ ಕೊಡದಷ್ಟು ನೀರು ಅವರ ಕಾಲಲ್ಲಿ, ಹೊಟ್ಟೆಯಲ್ಲಿ, ಶ್ವಾಸಕೋಶದಲ್ಲಿ ನಿಂತಿತ್ತು.

ಆ ಅಜ್ಜಿಯನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಬಸ್ ನಿಲ್ದಾಣದ ಶೌಚಾಲಯಗಳ ಸ್ಥಿತಿ ನಮಗೆಲ್ಲ ಗೊತ್ತಿದೆ. ಆದರೆ ಅದಕ್ಕೆ ಗುಳಿಗೆ ಬಿಡುವುದಲ್ಲದೆ ಬೇರೆ ದಾರಿ ಇದೆ. ಆ ದಾರಿ ತಿಳಿಯಬೇಕಾದರೆ ಮೊದಲು ಮೂತ್ರಪಿಂಡದ ಕೆಲಸ ತಿಳಿಯಬೇಕು.

ನಮ್ಮ ಬೆನ್ನಿನ ಕಡೆ, ಪಕ್ಕೆಲುಬಿನ ಕೆಳಗೆ ಎರಡು ಮೂತ್ರಪಿಂಡಗಳಿವೆ. ಒಂದೊಂದೂ ಮುಷ್ಟಿಯಷ್ಟು ದೊಡ್ಡದು. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮವಾದ ಸೋಸುವ ನಾಳಗಳಿವೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಇವುಗಳಲ್ಲಿ ಸೋಸಿ ಇಳಿಯುತ್ತದೆ. ಆದರೆ ನಾವು ಮೂತ್ರವಾಗಿ ಬಿಡುವುದು ಒಂದೂವರೆ ಎರಡು ಲೀಟರ್ ಮಾತ್ರ. ಉಳಿದದ್ದನ್ನೆಲ್ಲ ಮೂತ್ರಪಿಂಡ ವಾಪಸು ರಕ್ತಕ್ಕೆ ಎಳೆದುಕೊಳ್ಳುತ್ತದೆ. ಉಪ್ಪಿನ ಲೆಕ್ಕ ಇನ್ನೂ ಆಶ್ಚರ್ಯ. ಆ 180 ಲೀಟರಿನ ಜೊತೆ ಸುಮಾರು ಒಂದೂವರೆ ಕೆಜಿ ಉಪ್ಪು ಸೋಸಿ ಇಳಿಯುತ್ತದೆ. ಅಂಗಡಿಯಿಂದ ತರುವ ಒಂದು ಕೆಜಿ ಪಾಕೀಟು, ಅದರ ಮೇಲೆ ಇನ್ನರ್ಧ. ಅಷ್ಟನ್ನೂ ಎಣಿಸಿ ಎಣಿಸಿ ವಾಪಸು ತೆಗೆದುಕೊಂಡು, ನಾವು ಅವತ್ತು ತಿಂದಷ್ಟು, ಅಂದರೆ ಒಂದೆರಡು ಚಮಚದಷ್ಟನ್ನು ಮಾತ್ರ ಹೊರಗೆ ಬಿಡುತ್ತದೆ.

ವಾಪಸು ಎತ್ತುವ ಕೆಲಸ ಹೇಗೆ ನಡೆಯುತ್ತದೆ? ಕೊಟ್ಟೂರಿನ ಎಪಿಎಂಸಿಯಲ್ಲಿ ಹಮಾಲರು ಚೀಲ ಎತ್ತುವುದನ್ನು ನೋಡಿದ್ದೀರಲ್ಲ. ಹಾಗೆಯೇ ಮೂತ್ರನಾಳದ ಗೋಡೆಯುದ್ದಕ್ಕೂ ಕಣ್ಣಿಗೆ ಕಾಣದ ಹಮಾಲರು ಸಾಲಾಗಿ ನಿಂತಿದ್ದಾರೆ ಎಂದು ತಿಳಿಯಿರಿ. ಹರಿದು ಹೋಗುತ್ತಿರುವ ದ್ರವದಿಂದ ಸೋಡಿಯಂ ಅನ್ನು, ಅಂದರೆ ಉಪ್ಪಿನ ಮುಖ್ಯ ಅಂಶವನ್ನು, ಎತ್ತಿ ರಕ್ತದ ಕಡೆಗೆ ಹಾಕುವುದೇ ಅವರ ಕೆಲಸ. ಸೋಸಿದ ಉಪ್ಪಿನಲ್ಲಿ ನೂರಕ್ಕೆ 65 ಪಾಲನ್ನು ಮೊದಲ ತಿರುವಿನ ಹಮಾಲರೇ ಎತ್ತಿಬಿಡುತ್ತಾರೆ. ನಡುವೆ ನಾಳ ಹೇರ್‌ಪಿನ್ನಿನ ಹಾಗೆ ಮಡಚಿಕೊಂಡಿದೆ, ಅಲ್ಲಿ 25 ಪಾಲು. ಅದರ ಮುಂದೆ ಸುಮಾರು 5 ಪಾಲು. ಕೊನೆಯ ತುದಿಯಲ್ಲಿ ಎರಡು ಮೂರು ಪಾಲು.

ಇನ್ನು ನೀರು. ನೀರನ್ನು ಎತ್ತುವುದಕ್ಕೆ ಹಮಾಲರಿಲ್ಲ. ಅದು ಉಪ್ಪಿನ ಬೆನ್ನು ಹತ್ತುತ್ತದೆ. ತಾಯಂದಿರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮಾವಿನಕಾಯಿ ಹೆಚ್ಚಿ ಉಪ್ಪು ಹಾಕಿ ಮುಚ್ಚಿಟ್ಟರೆ ಬೆಳಿಗ್ಗೆ ಭರಣಿಯಲ್ಲಿ ನೀರು ಬಿಟ್ಟಿರುತ್ತದೆ. ಆ ನೀರು ನಾವು ಹಾಕಿದ್ದಲ್ಲ. ಹೋಳಿನೊಳಗಿದ್ದ ನೀರನ್ನು ಉಪ್ಪು ಹೊರಗೆ ಎಳೆಯಿತು. ಉಪ್ಪು ಎಲ್ಲಿಗೆ ಹೋಗುತ್ತದೋ ನೀರು ಅಲ್ಲಿಗೆ. ಹಮಾಲರು ಉಪ್ಪನ್ನು ರಕ್ತಕ್ಕೆ ಹಾಕಿದರೆ ನೀರೂ ರಕ್ತಕ್ಕೆ ಬರುತ್ತದೆ. ಉಪ್ಪು ನಾಳದಲ್ಲೇ ಉಳಿದರೆ ನೀರೂ ಅದರ ಜೊತೆ ಮೂತ್ರವಾಗಿ ಹೋಗುತ್ತದೆ. ನೀರಿನ ಗುಳಿಗೆ ಅನ್ನುತ್ತೇವಾದರೂ ಅವುಗಳಲ್ಲಿ ಹೆಚ್ಚಿನವು ನಿಜವಾಗಿ ಉಪ್ಪಿನ ಗುಳಿಗೆಗಳೇ. ಅವು ಉಪ್ಪನ್ನು ಹೊರಗೆ ಹಾಕುತ್ತವೆ, ನೀರು ತಾನಾಗಿ ಹಿಂದೆ ಹೋಗುತ್ತದೆ.

ಹಾಗಾದರೆ ಮೈಯಲ್ಲಿ ನೀರು ತುಂಬುವುದು ಯಾಕೆ? ಮೂತ್ರಪಿಂಡವೇ ಕೆಟ್ಟಿದ್ದರೆ ಸರಿ. ಆದರೆ ಎಷ್ಟೋ ಜನರಲ್ಲಿ ಕೆಟ್ಟಿರುವುದು ಹೃದಯ. ಹೃದಯ ಬಲ ಕಳೆದುಕೊಂಡಾಗ ಮೂತ್ರಪಿಂಡಕ್ಕೆ ಬರುವ ರಕ್ತ ಕಡಿಮೆಯಾಗುತ್ತದೆ. ಮೂತ್ರಪಿಂಡಕ್ಕೆ ಕಣ್ಣಿಲ್ಲ. ಕಾಲಿನಲ್ಲಿ ನೀರು ನಿಂತದ್ದು ಅದಕ್ಕೆ ಕಾಣುವುದಿಲ್ಲ. ತನ್ನ ಬಳಿಗೆ ಬರುವ ಹರಿವು ಕಡಿಮೆಯಾಯಿತು, ಹಾಗಾದರೆ ಮೈಯಲ್ಲಿ ಬರ ಬಿದ್ದಿದೆ ಎಂದು ತಿಳಿಯುತ್ತದೆ. ಬರಗಾಲದ ಸೀಮೆಯವರಾದ ನಮಗೆ ಬರ ಬಿದ್ದರೆ ಏನು ಮಾಡುತ್ತೇವೆಂದು ಗೊತ್ತು. ಒಂದು ತಂಬಿಗೆಯನ್ನೂ ಚೆಲ್ಲದೆ ಕೂಡಿಡುತ್ತೇವೆ. ಮೂತ್ರಪಿಂಡವೂ ಹಾಗೇ ಉಪ್ಪು, ನೀರು ಎರಡನ್ನೂ ಕೂಡಿಡಲು ಶುರು ಮಾಡುತ್ತದೆ. ಮೈಯೊಳಗೆ ನೆರೆ ಬಂದಿರುವಾಗ ಅದು ಬರಗಾಲದ ಕೆಲಸ ಮಾಡುತ್ತಿರುತ್ತದೆ. ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿಯೂ ನಡೆಯುವುದು ಬಹುಮಟ್ಟಿಗೆ ಇದೇ.

ಕೂಡಿಡು ಎಂಬ ಆಜ್ಞೆ ಹಾರ್ಮೋನುಗಳ ಮೂಲಕ ಹೋಗುತ್ತದೆ. ಮೂತ್ರಪಿಂಡದಿಂದ ರೆನಿನ್ ಎಂಬ ವಸ್ತು ಹೊರಡುತ್ತದೆ, ಅದರಿಂದ ಆಂಜಿಯೋಟೆನ್ಸಿನ್, ಅದರ ಪ್ರಚೋದನೆಯಿಂದ ಅಲ್ಡೋಸ್ಟೀರೋನ್. ಹೆಸರುಗಳನ್ನು ಮರೆತರೂ ನಡೆಯುತ್ತದೆ. ಹಾರ್ಮೋನು ಒಂದು ಕೀಲಿಕೈ ಎಂದುಕೊಳ್ಳಿ. ಆ ಕೀಲಿಕೈ ಹೋಗಿ ಕೂರುವ ಬೀಗ ಮೂತ್ರಪಿಂಡದ ಜೀವಕೋಶದಲ್ಲಿದೆ. ಡಾಕ್ಟರುಗಳು ಅದನ್ನೇ ರಿಸೆಪ್ಟರ್ ಅನ್ನುತ್ತಾರೆ. ಅಲ್ಡೋಸ್ಟೀರೋನ್ ಕೀಲಿಕೈ ತನ್ನ ಬೀಗಕ್ಕೆ ಬಿದ್ದು ತಿರುಗಿದರೆ ಜೀವಕೋಶವು ಇನ್ನಷ್ಟು ಹಮಾಲರನ್ನು ತಯಾರು ಮಾಡಿ ನಾಳದ ಕೊನೆಯ ತುದಿಗೆ ಕಳಿಸುತ್ತದೆ. ಉಪ್ಪು ಮತ್ತಷ್ಟು ಒಳಕ್ಕೆ, ನೀರು ಮತ್ತಷ್ಟು ಒಳಕ್ಕೆ.

ಈಗ ನಿಮ್ಮ ಚೀಟಿಯಲ್ಲಿರುವ ಗುಳಿಗೆಗಳಿಗೆ ಬರೋಣ.

ಎಲ್ಲರಿಗೂ ಪರಿಚಿತವಾದದ್ದು ಫ್ಯುರೋಸೆಮೈಡ್, ಅಂದರೆ ಲ್ಯಾಸಿಕ್ಸ್. ಟಾರ್ಸೆಮೈಡ್ ಅದರ ತಮ್ಮ. ಇವು ಬೀಗದ ತಂಟೆಗೆ ಹೋಗುವುದಿಲ್ಲ. ನೇರವಾಗಿ ನಡುವಿನ ಮಡಿಕೆಯ ಹಮಾಲರ ಕೈ ಹಿಡಿದುಬಿಡುತ್ತವೆ. ನೂರಕ್ಕೆ 25 ಪಾಲು ಎತ್ತುವ ಜಾಗ ಅದು ಎಂದು ಹೇಳಿದೆನಲ್ಲ, ಆದ್ದರಿಂದ ಅಲ್ಲಿ ಕೈ ತಡೆದರೆ ಪರಿಣಾಮ ದೊಡ್ಡದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿ ಹೋದದ್ದು ನಿಮಗೆ ನೆನಪಿರಬೇಕು. 33 ಗೇಟುಗಳಲ್ಲಿ ಒಂದು ಹೋದದ್ದಕ್ಕೇ ನಮ್ಮ ರೈತರೆಲ್ಲ ಎದೆ ಹಿಡಿದುಕೊಂಡರು. ದೊಡ್ಡ ಗೇಟು ಒಂದೇ ತೆರೆದರೂ ಸಾಕು ಎನ್ನುವುದಕ್ಕೆ ಈ ಮಾತು ಹೇಳಿದೆ. ವ್ಯತ್ಯಾಸವೆಂದರೆ ಲ್ಯಾಸಿಕ್ಸ್ ತೆರೆದ ಗೇಟು ತಾನೇ ಮುಚ್ಚಿಕೊಳ್ಳುತ್ತದೆ. ಗುಳಿಗೆ ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಶುರು, ಒಂದೆರಡು ಗಂಟೆಯಲ್ಲಿ ಜೋರು, ಸುಮಾರು ಆರು ಗಂಟೆಗೆ ಮುಗಿಯಿತು.

ಆ ಬಸ್ಸಿನ ಅಜ್ಜಿಗೆ ಬೇಕಾದ ಉತ್ತರ ಈ ಆರು ಗಂಟೆಯಲ್ಲಿದೆ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹತ್ತಿ ಹನ್ನೊಂದಕ್ಕೆ ಇಳಿಯುವುದಿದ್ದರೆ, ಇಳಿದು, ಅನುಕೂಲ ನೋಡಿಕೊಂಡು, ಆಮೇಲೆ ಗುಳಿಗೆ ತೆಗೆದುಕೊಳ್ಳಬಹುದು. ಹಡಗಲಿಯ ಕಡೆ ನಸುಕಿನಲ್ಲಿ ಮಲ್ಲಿಗೆ ಮೊಗ್ಗು ಬಿಡಿಸಲು ಹೋಗುವ ಅಕ್ಕಂದಿರು ತೋಟದಿಂದ ಮನೆಗೆ ಬಂದ ಮೇಲೆ ತೆಗೆದುಕೊಳ್ಳಬಹುದು. ಹೊತ್ತು ಸರಿಸುವುದಕ್ಕೆ ಹೆಚ್ಚಿನವರಿಗೆ ತೊಂದರೆಯಿಲ್ಲ, ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿಕೊಳ್ಳಿ. ಆದರೆ ಸಂಜೆಯಾದ ಮೇಲೆ ಬೇಡ. “ನೀರಿನ ಗುಳಿಗಿ ಬ್ಯಾಡ್ರಿ ಸಿಸ್ಟರ್, ರಾತ್ರಿಯೆಲ್ಲಾ ನಿದ್ದಿ ಇಲ್ಲ” ಎನ್ನುವವರನ್ನು ಕೇಳಿದರೆ ಅವರು ರಾತ್ರಿ ಊಟದ ನಂತರದ ಗುಳಿಗೆಗಳ ಜೊತೆ ಇದನ್ನೂ ನುಂಗಿರುತ್ತಾರೆ. ದಿನಕ್ಕೆ ಎರಡು ಸಲ ಬರೆದಿದ್ದರೆ ಎರಡನೆಯದು ಮಧ್ಯಾಹ್ನ ಎರಡು ಮೂರು ಗಂಟೆಗೇ ಆಗಬೇಕು. ವಯಸ್ಸಾದವರು ನಡುರಾತ್ರಿ ಕತ್ತಲಲ್ಲಿ ಎದ್ದು ಬಚ್ಚಲಿಗೆ ಹೋಗಿ ಬಿದ್ದು ಸೊಂಟ ಮುರಿದುಕೊಳ್ಳುವುದೂ ಇದರಿಂದಲೇ.

ಎರಡನೆಯ ಜಾತಿ, ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್. ಇವನ್ನು ಹೆಚ್ಚಾಗಿ ಬಿಪಿಗೆ ಕೊಡುತ್ತಾರೆ, ಒಮ್ಮೊಮ್ಮೆ ಬೇರೆ ಬಿಪಿ ಔಷಧದ ಜೊತೆ ಒಂದೇ ಗುಳಿಗೆಯಲ್ಲಿ ಬೆರೆತಿರುತ್ತವೆ. ಐದು ಪಾಲಿನ ಜಾಗದಲ್ಲಿ ಕೆಲಸ, ಆದ್ದರಿಂದ ಮೃದು. ಆದರೆ ವಯಸ್ಸಾದವರಲ್ಲಿ ಇವು ರಕ್ತದ ಸೋಡಿಯಂ ಅನ್ನು ತೀರ ಇಳಿಸಿ ಮಂಕು ಕವಿಸುವುದುಂಟು. ಅಜ್ಜ ಇದ್ದಕ್ಕಿದ್ದಂತೆ ತೊದಲತೊಡಗಿದರೆ, ಮನೆಯವರ ಗುರುತು ಹಿಡಿಯದಿದ್ದರೆ ವಯಸ್ಸಾಯಿತು ಎಂದು ಬಿಡಬೇಡಿ, ಕರೆತನ್ನಿ. ಪಾರ್ಶ್ವವಾಯುವೂ ಇರಬಹುದು, ಸೋಡಿಯಂ ಇಳಿದದ್ದೂ ಇರಬಹುದು. ಎರಡಕ್ಕೂ ತಡ ಮಾಡುವಂತಿಲ್ಲ.

ಮೂರನೆಯದು ನಿಜವಾಗಿ ಬೀಗಕ್ಕೆ ಸೇರಿದ ಔಷಧ, ಸ್ಪೈರನೊಲ್ಯಾಕ್ಟೋನ್. ಅಲ್ಡಾಕ್ಟೋನ್ ಎಂದು ಬರುತ್ತದೆ. ಫ್ಯುರೋಸೆಮೈಡ್ ಜೊತೆ ಬೆರೆತು ಲ್ಯಾಸಿಲ್ಯಾಕ್ಟೋನ್ ಎಂದೂ ಬರುತ್ತದೆ. ಅಲ್ಡೋಸ್ಟೀರೋನಿನ ಬೀಗದಲ್ಲಿ ಇದು ತಿರುಗದ ಕೀಲಿಕೈಯಂತೆ ಹೋಗಿ ಕೂರುತ್ತದೆ. ತಾನೂ ತಿರುಗುವುದಿಲ್ಲ, ನಿಜವಾದ ಕೀಲಿಕೈಗೂ ಜಾಗ ಕೊಡುವುದಿಲ್ಲ. ಹೊಸ ಹಮಾಲರು ಬರುವುದು ನಿಲ್ಲುತ್ತದೆ. ಆದರೆ ಈಗಾಗಲೇ ಕೆಲಸಕ್ಕೆ ನಿಂತ ಹಮಾಲರು ಒಮ್ಮೆಗೇ ಮನೆಗೆ ಹೋಗುವುದಿಲ್ಲವಲ್ಲ. ಅದಕ್ಕೇ ಈ ಗುಳಿಗೆಯ ಪೂರ್ತಿ ಗುಣ ಕಾಣಲು ಎರಡು ಮೂರು ದಿನ ಬೇಕು. “ಇದು ನುಂಗಿದ್ರೂ ಒಂದಕ್ಕ ಜಾಸ್ತಿ ಬರಂಗಿಲ್ಲ, ಸುಮ್ನ ದುಡ್ಡು ದಂಡ” ಎಂದು ಬಿಡುವವರಿದ್ದಾರೆ. ಇದರ ದೊಡ್ಡ ಉಪಕಾರ ಮೂತ್ರದ ಕ್ಯಾನಿನಲ್ಲಿ ಕಾಣುವುದಿಲ್ಲ. 1999ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ತೀವ್ರ ಹೃದಯ ದೌರ್ಬಲ್ಯದ 1663 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಉಳಿದ ಔಷಧಿಗಳ ಜೊತೆ ಇದನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಅವರಲ್ಲಿ ಸಾವಿನ ಅಪಾಯ ನೂರಕ್ಕೆ 30ರಷ್ಟು ಕಡಿಮೆಯಾಯಿತು. ಒಂದು ಮಾತು ಗಂಡಸರಿಗೆ: ಇದನ್ನು ತೆಗೆದುಕೊಳ್ಳುವ ಕೆಲವು ಗಂಡಸರಿಗೆ ಎದೆ ಉಬ್ಬಿ ಮುಟ್ಟಿದರೆ ನೋಯುತ್ತದೆ. ನಾಚಿಕೊಂಡು ಯಾರಿಗೂ ಹೇಳದೆ ಗುಳಿಗೆ ಬಿಡುತ್ತಾರೆ. ಹೇಳಿ, ಅದಕ್ಕೆ ಬದಲಿ ಗುಳಿಗೆ ಇದೆ.

ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಇವು ಬಿಪಿಗೆ ಎಂದು ನಿಮಗೆ ಗೊತ್ತು. ಇವೂ ಬೀಗದ ಔಷಧಿಗಳೇ, ಆಂಜಿಯೋಟೆನ್ಸಿನ್ನಿನ ಬೀಗವನ್ನು ಮುಚ್ಚುತ್ತವೆ. ರಕ್ತನಾಳ ಸಡಿಲಾಗುತ್ತದೆ, ಅಲ್ಡೋಸ್ಟೀರೋನ್ ಇಳಿಯುತ್ತದೆ, ಸ್ವಲ್ಪ ಉಪ್ಪೂ ಹೊರಗೆ ಹೋಗುತ್ತದೆ. ಎನಾಲಾಪ್ರಿಲ್, ರಾಮಿಪ್ರಿಲ್ ಇದೇ ಕೆಲಸವನ್ನು ಬೇರೆ ದಾರಿಯಿಂದ ಮಾಡುತ್ತವೆ, ಕೆಲವರಿಗೆ ಒಣಕೆಮ್ಮು ತರುತ್ತವೆ. ಮಗುವಿನ ಆಸೆಯಿರುವ, ಅಥವಾ ಮುಟ್ಟು ನಿಂತಿರುವ ಹೆಣ್ಣುಮಕ್ಕಳು ಈ ಗುಂಪಿನ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅವತ್ತೇ ಬಂದು ತಿಳಿಸಬೇಕು. ಗರ್ಭದಲ್ಲಿರುವ ಕೂಸಿನ ಮೂತ್ರಪಿಂಡಕ್ಕೆ ಇವು ಅಪಾಯ.

ಇತ್ತೀಚೆಗೆ ಬಂದದ್ದು ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಇವು ಸಕ್ಕರೆ ಕಾಯಿಲೆಗೆ ಬಂದ ಗುಳಿಗೆಗಳು. ಮೊದಲ ತಿರುವಿನಲ್ಲಿ ಸಕ್ಕರೆ ಮತ್ತು ಸೋಡಿಯಂ ಎರಡನ್ನೂ ಜೊತೆಯಾಗಿ ಎತ್ತುವ ಹಮಾಲನೊಬ್ಬನಿದ್ದಾನೆ. ಅವನನ್ನು ಇವು ತಡೆಯುತ್ತವೆ. ಸಕ್ಕರೆಯೂ ಸ್ವಲ್ಪ ಉಪ್ಪೂ ಮೂತ್ರಕ್ಕೆ ಬೀಳುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದೆಂದು ಆಮೇಲೆ ತಿಳಿದುಬಂತು, ಈಗ ಸಕ್ಕರೆ ಕಾಯಿಲೆ ಇಲ್ಲದವರಿಗೂ ಕೊಡುತ್ತಾರೆ. 2020ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಡಾಪಾಗ್ಲಿಫ್ಲೋಜಿನ್ನಿನ ಪೇಟೆಂಟ್ ಮುಗಿದ ಮೇಲೆ ಹಲವು ಕಂಪನಿಗಳು ತಯಾರಿಸತೊಡಗಿ ಬೆಲೆ ಇಳಿದಿದೆ. ಇದನ್ನು ಶುರು ಮಾಡಿದವರು ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತಿದರೆ ಗಾಬರಿಯಾಗುತ್ತಾರೆ, ಸಕ್ಕರೆ ಏರಿತೆಂದು ಅಳುತ್ತಾರೆ. ಗಾಬರಿ ಬೇಡ, ಸಕ್ಕರೆ ಮೂತ್ರಕ್ಕೆ ಹೋಗಲೆಂದೇ ಅಲ್ಲವೇ ಗುಳಿಗೆ ಕೊಟ್ಟದ್ದು. ರಕ್ತ ಪರೀಕ್ಷೆಯಲ್ಲಿ ಎಷ್ಟಿದೆ ಎಂಬುದು ಮುಖ್ಯ. ಆದರೆ ಜನನಾಂಗದ ಜಾಗದಲ್ಲಿ ಸಕ್ಕರೆ ಅಂಟಿದರೆ ಬೂಸು ಹತ್ತಿ ತುರಿಕೆಯಾಗುತ್ತದೆ. ಪ್ರತಿಸಲವೂ ನೀರಿನಿಂದ ತೊಳೆದು ಒರೆಸಿಕೊಳ್ಳಿ.

ನೀರಿಗೇ ಸೇರಿದ ಬೀಗವೂ ಒಂದಿದೆ. ಮೆದುಳಿನಿಂದ ಬರುವ ಒಂದು ಹಾರ್ಮೋನು ಮೂತ್ರಪಿಂಡದ ಕೊನೆಯ ತುದಿಯಲ್ಲಿ ಬೀಗ ತಿರುಗಿಸಿ ನೀರಿಗೆ ಮಾತ್ರ ಬಾಗಿಲು ತೆರೆಯುತ್ತದೆ, ನೀರು ವಾಪಸು ಒಳಕ್ಕೆ ಬರುತ್ತದೆ. ಹೆಂಡ, ಸಾರಾಯಿ ಆ ಹಾರ್ಮೋನನ್ನು ತಡೆಯುತ್ತವೆ. ಕುಡಿದವರು ಮೇಲಿಂದ ಮೇಲೆ ಮೂತ್ರಕ್ಕೆ ಓಡುವುದು, ಬೆಳಿಗ್ಗೆ ಎದ್ದು ಕೊಡ ನೀರು ಕುಡಿಯುವುದು ಇದರಿಂದ. ಈ ಬೀಗ ಮುಚ್ಚುವ ಟೋಲ್ವಾಪ್ಟಾನ್ ಎಂಬ ಔಷಧವಿದೆ. ರಕ್ತದ ಸೋಡಿಯಂ ತೀರ ಇಳಿದಾಗ ಆಸ್ಪತ್ರೆಯಲ್ಲಿಟ್ಟುಕೊಂಡು, ರಕ್ತ ಪರೀಕ್ಷೆ ಮಾಡುತ್ತ ಶುರು ಮಾಡುವ ಔಷಧ ಅದು, ಮನೆಯಲ್ಲಿ ತಾವೇ ಪ್ರಯೋಗ ಮಾಡುವಂಥದ್ದಲ್ಲ.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳುತ್ತೇನೆ, ದಾದಿಯರಾದ ನಮಗೆ ಇದು ಪ್ರೀತಿಯ ಕಥೆ. ನೂರು ವರ್ಷದ ಹಿಂದೆ ಒಳ್ಳೆಯ ನೀರಿನ ಗುಳಿಗೆ ಇರಲಿಲ್ಲ. 1919ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಆಲ್ಫ್ರೆಡ್ ಫೋಗ್ಲ್ ಎಂಬ ವೈದ್ಯ ವಿದ್ಯಾರ್ಥಿ ಸಿಫಿಲಿಸ್ ಕಾಯಿಲೆಯ ಹುಡುಗಿಯೊಬ್ಬಳಿಗೆ ಪಾದರಸದ ಇಂಜೆಕ್ಷನ್ ಕೊಟ್ಟ. ಅವಳ ಮೂತ್ರದ ಪ್ರಮಾಣ ಏಕಾಏಕಿ ಹೆಚ್ಚಿದ್ದು ವಾರ್ಡಿನಲ್ಲಿ ಅಳೆದು ಬರೆದಿಟ್ಟ ಲೆಕ್ಕದಿಂದ ಅವನ ಕಣ್ಣಿಗೆ ಬಿತ್ತು. ಮುಂದೆ ಮೂವತ್ತು ವರ್ಷ ಊತಕ್ಕೆ ಪಾದರಸವೇ ಔಷಧವಾಯಿತು. ಪಾದರಸ ವಿಷ, ಆದರೂ ಬೇರೆ ಗತಿಯಿರಲಿಲ್ಲ. 1949ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಶ್ವಾರ್ಟ್ಸ್ ಎಂಬ ವೈದ್ಯರು ಸಲ್ಫಾ ಔಷಧ ಕೊಟ್ಟು ಹೃದಯ ರೋಗಿಗಳಲ್ಲಿ ಉಪ್ಪು ಹೊರಗೆ ಹೋಗುವುದನ್ನು ತೋರಿಸಿದರು. ಆ ಸುಳಿವು ಹಿಡಿದೇ 1950ರ ದಶಕದ ಕೊನೆಗೆ ಥಯಜೈಡ್, 1960ರ ದಶಕದಲ್ಲಿ ಲ್ಯಾಸಿಕ್ಸ್ ಬಂದವು. ಕ್ಯಾನಿನಲ್ಲಿ ಮೂತ್ರ ಹಿಡಿದು ಅಳೆಯಿರಿ ಎಂದರೆ ಮುಖ ಸಿಂಡರಿಸುವ ತಮ್ಮಂದಿರೇ, ಆ ಹುಡುಗಿಯ ಮೂತ್ರವನ್ನು ಅವತ್ತು ಯಾರೂ ಅಳೆಯದಿದ್ದರೆ ಈ ಕಥೆ ಹೀಗೆ ಶುರುವಾಗುತ್ತಲೇ ಇರಲಿಲ್ಲ. ನಾವು ಕೊಟ್ಟ ಪಟ್ಟಿಯಲ್ಲಿ ಸರಿಯಾಗಿ ಬರೆಯಿರಿ. ಅಂದಾಜಿನ ಲೆಕ್ಕ ಬೇಡ.

ಈಗ ಅಪಾಯದ ಮಾತು. ಲ್ಯಾಸಿಕ್ಸ್, ಥಯಜೈಡ್ ಉಪ್ಪಿನ ಜೊತೆ ಪೊಟ್ಯಾಸಿಯಂ ಎಂಬ ಇನ್ನೊಂದು ಲವಣವನ್ನೂ ಹೊರಗೆ ಹಾಕುತ್ತವೆ. ಅದು ಇಳಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಕೈಕಾಲು ಸೋಲುತ್ತವೆ, ಎದೆ ಬಡಿತ ತಪ್ಪುತ್ತದೆ. ಸ್ಪೈರನೊಲ್ಯಾಕ್ಟೋನ್, ಟೆಲ್ಮಿಸಾರ್ಟಾನ್ ಇದಕ್ಕೆ ವಿರುದ್ಧ, ಪೊಟ್ಯಾಸಿಯಂ ಅನ್ನು ಒಳಗೇ ಉಳಿಸುತ್ತವೆ. ಅದು ವಿಪರೀತ ಏರಿದರೆ ಯಾವ ಸೂಚನೆಯೂ ಇಲ್ಲದೆ ಹೃದಯ ನಿಲ್ಲಬಹುದು. ಹಾಗಾಗಿ ‘ಎಳನೀರು ಕುಡಿಯಬಹುದಾ, ಬಾಳೆಹಣ್ಣು ತಿನ್ನಬಹುದಾ’ ಎಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಇವೆರಡರಲ್ಲೂ ಪೊಟ್ಯಾಸಿಯಂ ಇದೆ. ಪಕ್ಕದ ಹಾಸಿಗೆಯವರಿಗೆ ತಿನ್ನಿ ಎಂದದ್ದನ್ನೇ ನಿಮಗೆ ಬೇಡ ಎಂದಿರಬಹುದು. ಔಷಧ ಶುರು ಮಾಡಿದ ಮೇಲೆ ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತ ಪರೀಕ್ಷೆಗೆ ಬನ್ನಿ ಎಂದು ಚೀಟಿಯಲ್ಲಿ ಬರೆಯುವುದು ಸುಮ್ಮನೆ ಅಲ್ಲ.

ಇದರ ಜೊತೆಗೆ ಸೇರುವ ಒಂದು ಹೊಸ ಸಂಗತಿ, ಕಡಿಮೆ ಸೋಡಿಯಂ ಉಪ್ಪು. ಅಂಗಡಿಗಳಲ್ಲಿ ‘ಬಿಪಿಗೆ ಒಳ್ಳೆಯದು’ ಎಂದು ಬರುವ ಈ ಉಪ್ಪಿನಲ್ಲಿ ಸೋಡಿಯಂ ಒಂದಿಷ್ಟು ತೆಗೆದು ಅದರ ಜಾಗದಲ್ಲಿ ಪೊಟ್ಯಾಸಿಯಂ ಹಾಕಿರುತ್ತಾರೆ. ಆರೋಗ್ಯವಂತರಿಗೆ ಅದು ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಶಿಫಾರಸು ಮಾಡುವಾಗಲೂ ಮೂತ್ರಪಿಂಡದ ತೊಂದರೆ ಇರುವವರನ್ನು ಹೊರಗಿಟ್ಟಿದೆ. ಸ್ಪೈರನೊಲ್ಯಾಕ್ಟೋನ್ ಮತ್ತು ಟೆಲ್ಮಿಸಾರ್ಟಾನ್ ಬಳಗದ ಗುಳಿಗೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಸೈಂಧವ ಲವಣ ಎಷ್ಟಾದರೂ ತಿನ್ನಬಹುದು ಎನ್ನುತ್ತಾರೆ, ಅದು ತಪ್ಪು. ಬಣ್ಣ ಬೇರೆ ಅಷ್ಟೆ, ಅದೂ ಬಹುಪಾಲು ಸೋಡಿಯಂ ಉಪ್ಪೇ.

ದಿನಕ್ಕೆ ಒಬ್ಬರಿಗೆ ಐದು ಗ್ರಾಂ ಉಪ್ಪಿನೊಳಗೆ ಇರಬೇಕು, ಅಂದರೆ ತಲೆಸವರಿದ ಒಂದು ಚಹಾ ಚಮಚ. ಒಂದು ಕಡೆ ಗುಳಿಗೆಯಿಂದ ಉಪ್ಪು ಹೊರಗೆ ಹಾಕಿ ಇನ್ನೊಂದು ಕಡೆ ಉಪ್ಪಿನಕಾಯಿ ನೆಕ್ಕುವುದೆಂದರೆ ತೂತು ಕೊಡಕ್ಕೆ ನೀರು ಹೊತ್ತಂತೆ. ನಮ್ಮ ಪುಣ್ಯ, ಜೋಳದ ರೊಟ್ಟಿಗೆ ಉಪ್ಪು ಹಾಕುವ ರೂಢಿಯಿಲ್ಲ. ತೊಂದರೆ ಇರುವುದು ರೊಟ್ಟಿಯ ಜೊತೆಗಿನದ್ದರಲ್ಲಿ: ಶೇಂಗಾ ಪುಡಿ, ಗುರೆಳ್ಳು ಪುಡಿ, ಕೆಂಪು ಚಟ್ನಿ, ಹಪ್ಪಳ, ಸಂಡಿಗೆ, ಉಪ್ಪು ಹಚ್ಚಿ ಒಣಗಿಸಿದ ಮಜ್ಜಿಗೆ ಮೆಣಸಿನಕಾಯಿ. ಸಂಜೆಯ ಮಿರ್ಚಿ ಮಂಡಕ್ಕಿ ನಮ್ಮ ಸೀಮೆಯವರಿಗೆ ಬಿಡಲಾಗದ್ದು ಎಂದು ನನಗೂ ಗೊತ್ತು. ಆದರೆ ಮಿರ್ಚಿಯ ಹಿಟ್ಟಿನಲ್ಲಿ ಉಪ್ಪಿನ ಜೊತೆ ಅಡುಗೆ ಸೋಡಾ ಇರುತ್ತದೆ, ಸೋಡಾ ಎಂದರೂ ಸೋಡಿಯಮ್ಮೇ. ಹೊಟ್ಟೆ ಉಬ್ಬರಕ್ಕೆ ಕುಡಿಯುವ ನೊರೆ ಬರುವ ಪುಡಿಗಳಲ್ಲಿಯೂ ಅದೇ. ನಾಲಿಗೆ ಸಪ್ಪೆಗೆ ಒಗ್ಗಲು ಕೆಲವು ವಾರ ಬೇಕು. ಲಿಂಬೆಹುಳಿ, ಬೆಳ್ಳುಳ್ಳಿ, ಕೊತ್ತಂಬರಿ, ಹಸಿ ಈರುಳ್ಳಿ ಜೊತೆಗಿದ್ದರೆ ಅಷ್ಟು ಕಷ್ಟವಾಗುವುದಿಲ್ಲ. ಮನೆಯಲ್ಲಿ ರೋಗಿಗೆ ಬೇರೆ ಪಲ್ಯ ಮಾಡುವ ಬದಲು ಎಲ್ಲರಿಗೂ ಕಡಿಮೆ ಉಪ್ಪು ಹಾಕಿ, ಬೇಕಾದವರು ಮೇಲೆ ಹಾಕಿಕೊಳ್ಳಲಿ. ಸೊಸೆಗೆ ಕೆಲಸವೂ ಉಳಿಯುತ್ತದೆ.

ಎಷ್ಟು ನೀರು ಕುಡಿಯಬೇಕು? ‘ನೀರಿನ ಗುಳಿಗೆ ತಗೊಂಡರೆ ಜಾಸ್ತಿ ಕುಡಿಯಬೇಕು’ ಎನ್ನುವವರೂ ಇದ್ದಾರೆ, ‘ಒಂದು ಹನಿಯೂ ಕುಡಿಯಬಾರದು’ ಎನ್ನುವವರೂ ಇದ್ದಾರೆ. ಎರಡೂ ಅಲ್ಲ. ನಿಮಗೆ ಎಷ್ಟು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದೂವರೆ ಲೀಟರ್ ಎಂದಿದ್ದರೆ ಬೆಳಿಗ್ಗೆ ಅಷ್ಟು ನೀರನ್ನು ಬಾಟಲಿಗಳಲ್ಲಿ ತುಂಬಿಡಿ. ಚಹಾ, ಅಂಬಲಿ, ಮಜ್ಜಿಗೆ, ಸಾರು ಕುಡಿದಾಗಲೆಲ್ಲ ಅಷ್ಟು ನೀರನ್ನು ಬಾಟಲಿಯಿಂದ ಗಿಡಕ್ಕೆ ಹಾಕಿ. ಉಳಿದದ್ದು ಕುಡಿಯಲು.

ಎಲ್ಲಕ್ಕಿಂತ ಹೆಚ್ಚು ನನಗೆ ಭಯ ನೋವಿನ ಗುಳಿಗೆಯದ್ದು. ಕೊಟ್ಟೂರಿಗೆ ದಾವಣಗೆರೆ ಕಡೆಯಿಂದಲೂ ಜನ ಪಾದಯಾತ್ರೆ ಬರುತ್ತಾರೆ. ಮೊಣಕಾಲು ನೋಯುತ್ತದೆ. ಶೇಂಗಾ ಕಿತ್ತು ಬಂದವರಿಗೆ ಸೊಂಟ ಹಿಡಿಯುತ್ತದೆ. ಅಂಗಡಿಯಲ್ಲಿ ಕೇಳಿದರೆ ಡೈಕ್ಲೋಫೆನಾಕ್ ಕೈಗೆ ಬರುತ್ತದೆ. ಈ ಜಾತಿಯ ಗುಳಿಗೆ ಮೂತ್ರಪಿಂಡಕ್ಕೆ ರಕ್ತ ತರುವ ನಾಳವನ್ನು ಕಿರಿದು ಮಾಡುತ್ತದೆ, ಉಪ್ಪು ನೀರು ಹೊರಗೆ ಹೋಗದಂತೆ ಹಿಡಿಯುತ್ತದೆ, ನೀರಿನ ಗುಳಿಗೆಯ ಬಲ ಮುರಿಯುತ್ತದೆ. ಟೆಲ್ಮಿಸಾರ್ಟಾನ್, ನೀರಿನ ಗುಳಿಗೆ, ನೋವಿನ ಗುಳಿಗೆ ಈ ಮೂರೂ ಒಂದೇ ಹೊಟ್ಟೆಯಲ್ಲಿ ಸೇರಿ, ಮೇಲೆ ಬಿಸಿಲಿನ ಬೆವರೂ ಹೋದರೆ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕೈಕೊಡಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಇದಕ್ಕಿಂತ ಸುರಕ್ಷಿತ, ಅದನ್ನೂ ಪ್ರಮಾಣ ಕೇಳಿಯೇ ತೆಗೆದುಕೊಳ್ಳಿ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ‘ಮೂರು ದಿನಕ್ಕೆ ಗುಣ’ದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅದು ಮೈಯಲ್ಲಿ ಉಪ್ಪು ನೀರು ಕೂಡಿಹಾಕುತ್ತದೆ. ಮುಖ ದುಂಡಗಾಯಿತು, ಅಜ್ಜಿ ಮೈತುಂಬಿಕೊಂಡರು ಎಂದು ಸಂತೋಷಪಡುವ ಮನೆಗಳನ್ನು ನೋಡಿದ್ದೇನೆ.

ಗುಳಿಗೆ ಬಿಡಬಾರದು ಎಂದು ಇಷ್ಟು ಹೊತ್ತು ಹೇಳಿದೆ. ತಡೆಯಬೇಕಾದ ಹೊತ್ತೂ ಇದೆ. ವಾಂತಿ, ಭೇದಿ, ಊಟ ನೀರು ಸೇರದಂಥ ಜ್ವರ, ನಮ್ಮ ಏಪ್ರಿಲ್ ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ದುಡಿದು ನಾಲಿಗೆ ಒಣಗಿ ಮೂತ್ರ ಅರಿಶಿನದಂತೆ ಬಂದ ದಿನ, ಈಗ ಮೈಯಲ್ಲಿ ನಿಜವಾಗಿಯೂ ಬರ ಬಿದ್ದಿದೆ. ಆ ಹೊತ್ತಿನಲ್ಲಿ ನೀರಿನ ಗುಳಿಗೆ, ಟೆಲ್ಮಿಸಾರ್ಟಾನ್, ಡಾಪಾಗ್ಲಿಫ್ಲೋಜಿನ್, ಮೆಟ್‌ಫಾರ್ಮಿನ್ ಇವನ್ನು ಡಾಕ್ಟರು ಒಂದೆರಡು ದಿನ ನಿಲ್ಲಿಸಿ ಎನ್ನಬಹುದು. ನೀವಾಗಿ ನಿರ್ಧರಿಸದೆ ಅವತ್ತೇ ಫೋನಿನಲ್ಲಾದರೂ ಕೇಳಿ, ಮತ್ತೆ ಯಾವಾಗ ಶುರು ಮಾಡಬೇಕೆಂದೂ ಕೇಳಿ. ನಿಲ್ಲಿಸಿದ್ದನ್ನು ಮತ್ತೆ ಶುರು ಮಾಡದೆ ಮರೆತು, ತಿಂಗಳ ನಂತರ ಊದಿಕೊಂಡು ಬರುವವರೂ ಇದ್ದಾರೆ. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದೂ ನೀರು ಹೆಚ್ಚು ಹೋಯಿತೆಂಬ ಗುರುತು. ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಕೂತು ಆಮೇಲೆ ಏಳಿ.

ಮನೆಗೆ ಹೋದ ಮೇಲೆ ಮಾಡಬೇಕಾದ ಒಂದೇ ಕೆಲಸ ಹೇಳಿ ಎಂದರೆ ನಾನು ತೂಕ ನೋಡಿ ಎನ್ನುತ್ತೇನೆ. ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಊರಿನ ಆರೋಗ್ಯ ಉಪಕೇಂದ್ರದಲ್ಲಿ, ಅಂಗನವಾಡಿಯಲ್ಲಿ ವಿಚಾರಿಸಿ, ವಾರಕ್ಕೆ ಎರಡು ಸಲವಾದರೂ ಆಗಲಿ. ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆಯಿರಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಕಾಲು ಊದುವವರೆಗೆ ಕಾಯದೆ ಬನ್ನಿ. ತೂಕದ ಅನುಕೂಲವೇ ಇಲ್ಲದವರಿಗೆ ಮೈಯೇ ಗುರುತು ಹೇಳುತ್ತದೆ. ಕಾಲುಂಗುರ ಬಿಗಿಯಾಗುತ್ತದೆ, ಬಳೆ ಏರುವುದಿಲ್ಲ, ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತದೆ, ಮೊಣಕಾಲ ಕೆಳಗಿನ ಮೂಳೆಯ ಮೇಲೆ ಹೆಬ್ಬೆರಳಿಂದ ಒತ್ತಿದರೆ ಗುಳಿ ಉಳಿಯುತ್ತದೆ. ಒಂದು ದಿಂಬಿನಲ್ಲಿ ಮಲಗುತ್ತಿದ್ದವರು ಎರಡು ಕೇಳುತ್ತಾರೆ.

ಕೂತಲ್ಲೇ ಏದುಸಿರು, ನೊರೆಯಂಥ ಕಫ, ತುಟಿ ನೀಲಿ, ಎದೆ ನೋವು, ಎಂಟು ಹತ್ತು ಗಂಟೆ ಮೂತ್ರವೇ ಇಲ್ಲದಿರುವುದು, ಇವಕ್ಕೆ ಬೆಳಗಾಗಲೆಂದು ಕಾಯಬಾರದು. 108ಕ್ಕೆ ಫೋನ್ ಮಾಡಿ, ರೋಗಿಯನ್ನು ಮಲಗಿಸದೆ ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿಕೊಂಡೇ ಕರೆತನ್ನಿ. ಬರುವಾಗ ಗುಳಿಗೆಗಳನ್ನು ಬಿಡಿಬಿಡಿಯಾಗಿ ಸೀರೆ ಸೆರಗಿನಲ್ಲಿ ಕಟ್ಟಿಕೊಂಡು ಬರಬೇಡಿ. ಹೆಸರು ಓದುವಂತೆ ಪಟ್ಟಿ ಸಮೇತ ಒಂದು ಚೀಲದಲ್ಲಿ ಹಾಕಿ, ಚೀಟಿ ಜೊತೆಗಿಟ್ಟು ತನ್ನಿ. ಅಂಗಡಿಯಿಂದ ತಂದ ನೋವಿನ ಗುಳಿಗೆ, ಪುಡಿಯ ಪೊಟ್ಟಣ ಇದ್ದರೆ ಅದನ್ನೂ ಮುಚ್ಚಿಡದೆ ತನ್ನಿ. ಯಾರೂ ಬೈಯುವುದಿಲ್ಲ.